ದ್ವಾರಕನಾಥನ ಪೈನಾಪಲ್ ಎಸೆನ್ಸ್

ಪ್ರತಿ ಯುಗಾದಿಗೂ ದ್ವಾರಕನಾಥ ಸಿಗರೇಟು ಬಿಡುವ ಪಣ ತೊಡುತ್ತಿದ್ದ. ಬೇವು-ಬೆಲ್ಲ ಗಂಟಲಿಳಿಯುವಷ್ಟರಲ್ಲಿ ಪಣವೂ ಇಳಿದುಹೋಗುತ್ತಿತ್ತು. ಮೈಸೂರಿನವನು, ಸಿಂಗಪುರದ ಟ್ಯಾಂಪಿನೀಸಿನ ಬಾಡಿಗೆ ಫ್ಲ್ಯಾಟಿನಲ್ಲಿ ಹೆಂಡತಿ ಮೈಥಿಲಿ ಮತ್ತು ಪುಟ್ಟ ಮಗಳು ಅನಘಾಳೊಂದಿಗೆ ಸಂಸಾರ, ಚಾಂಗಿ ಕಡೆಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಸಂಜೆ ಕಾರ್‌ಪಾರ್ಕಿನ ಕಸದ ಡಬ್ಬಿಯ ಪಕ್ಕ ನಿಂತು ಸೇದುವುದು, ಲವಂಗ ಅಗಿಯುವುದು, ಲಿಫ್ಟಿನಲ್ಲಿ ಉಸಿರು ಬಿಗಿಹಿಡಿದು ಮನೆಗೆ ಹೋಗುವುದು. ಯಾರಿಗೂ ಗೊತ್ತಿಲ್ಲವೆಂದು ಅವನ ನಂಬಿಕೆ. ಗೊತ್ತಿಲ್ಲದಿದ್ದದ್ದು ಅವನೊಬ್ಬನಿಗೇ.

ಒಂದು ಸಂಜೆ ಎತ್ತಿಕೊಳ್ಳಲು ಹೋದರೆ ಅನಘಾ ಎರಡೂ ಕೈಯಲ್ಲಿ ಎದೆ ತಳ್ಳಿ, ಸಿಂಗಪುರದ ಮಕ್ಕಳಂತೆ 'ಲಾ' ಸೇರಿಸಿ ಅಂದಳು. "ಅಪ್ಪಾ, ಸ್ಮೆಲ್ಲಿ ಲಾ! ಬೇಡ, ಹೋಗು."

ಆ ತಳ್ಳು ಅವನಿಗೆ ನಾಟಿತು. ನಾಟಿದ್ದು ಸುಳ್ಳಲ್ಲ. ಆದರೆ ನಮ್ಮ ಗಂಡಸರ ಜಾಯಮಾನ ನೋಡಿ: ಮಗಳು ನಾತ ಎಂದರೆ ಚಟ ಬಿಡುವುದಿಲ್ಲ, ನಾತ ಬಿಡಿಸುವ ದಾರಿ ಹುಡುಕುತ್ತಾರೆ.

ದಾರಿ ತೋರಿಸಿದವನು ಅಜಯ್. ಆಫೀಸಿನ ಗೆಳೆಯ, ಬೆಂಗಳೂರಿನವನು, ಯಾವ ವಿಷಯದಲ್ಲಾದರೂ ಎರಡು ವಿಡಿಯೋ ನೋಡಿ ಪಂಡಿತನಾಗುವವನು.

"ಗುರೂ, ವೇಪ್‌ಗೆ ಶಿಫ್ಟ್ ಆಗು, ಅದೇ ಇ-ಸಿಗರೇಟು. ಬರೀ ಆವಿ, ಹೊಗೆನೇ ಇಲ್ಲ. ಫ್ಲೇವರ್ ಹಾಕ್ಕೊಂಡ್ರೆ ಘಮ ಘಮ ಅನ್ನತ್ತೆ. ನಿಮ್ ಮನೆಯವ್ರೇ ಹತ್ರ ಬಂದು ಕೂತ್ಕೋತಾರೆ."

"ಇಲ್ಲಿ ಮಾರೋ ಹಾಗಿಲ್ವಲ್ಲೋ."

"ಸೇತುವೆ ದಾಟಿದ್ರೆ ಮಲೇಷ್ಯಾದ ಜೊಹೋರ್. ಅದೇನು ಅಮೆರಿಕಾನಾ?"

ಹಾಗೆ ಎರಡು ಸಾವಿರದ ಹದಿನೇಳರ ಕೊನೆಯಲ್ಲಿ, ಒಂದು ಶನಿವಾರ ಬೆಳಗ್ಗೆ, ಇಬ್ಬರೂ ಬಸ್ಸಿನಲ್ಲಿ ಗಡಿ ದಾಟಿದರು. ಅಂಗಡಿಯೊಳಗೆ ಕಾಲಿಟ್ಟ ದ್ವಾರಕನಾಥ ಕಣ್ಣರಳಿಸಿದ. ಗೋಡೆತುಂಬ ಬಣ್ಣದ ಸೀಸೆಗಳು: ಮಾವು, ಲಿಚಿ, ಸ್ಟ್ರಾಬೆರಿ ಐಸ್‌ಕ್ರೀಮ್, ಬಬಲ್‌ಗಮ್. ಸೀಸೆಯ ಮೇಲೆ ನಗುವ ಕರಡಿಮರಿಗಳು. ಚಟ ಬಿಡಿಸುವ ಮದ್ದಂತೆ! ದೊಡ್ಡವರ ಚಟ ಬಿಡಿಸುವ ಮದ್ದಿಗೆ ಕರಡಿಮರಿ ಯಾಕೆ ಬೇಕು ಎಂದು ಅಲ್ಲಿದ್ದ ಒಬ್ಬ ಗಿರಾಕಿಯೂ ಕೇಳಿರಲಿಲ್ಲ. ಇವನೂ ಕೇಳಲಿಲ್ಲ.

ಅಂಗಡಿಯವನು ತಾಳ್ಮೆಯಿಂದಲೇ ವಿಚಾರಿಸಿದ: ಹೊಸಬರಾ, ದಿನಕ್ಕೆ ಎಷ್ಟು ಸೇದುತ್ತೀರಿ? ಅದರ ಮೇಲೆ ನಿಕೋಟಿನ್ ಪ್ರಮಾಣ ನಿರ್ಧಾರವಾಗುತ್ತದೆ, ಹೊಸಬರಿಗೆ ಕಡಿಮೆಯದೇ ಸರಿ ಎಂದ. ಅಜಯ್ ಎದುರಿಗೆ ಕಡಿಮೆಯದು ತೆಗೆದುಕೊಳ್ಳುವುದು ದ್ವಾರಕನಾಥನಿಗೆ ಅವಮಾನವೆನಿಸಿತು. ಅವನ ಕಣ್ಣು ಕೆಳಗಿನ ಸಾಲಿಗೆ ಹೋಯಿತು. ಅಲ್ಲಿದ್ದ ಸೀಸೆ ಎಲ್ಲಕ್ಕಿಂತ ಖಡಕ್ಕು. ಅದನ್ನು ನೇರವಾಗಿ ಸೇದಬಾರದು, ಬೇರೆ ದ್ರವದಲ್ಲಿ ಬೆರೆಸಿ ತೆಳುಮಾಡಿಕೊಳ್ಳಬೇಕು ಎಂದು ಅಂಗಡಿಯವನು ಎರಡೆರಡು ಸಲ ಹೇಳಿದ.

"ಡಿಕಾಕ್ಷನ್ ಇದ್ದ ಹಾಗೆ," ಎಂದ ದ್ವಾರಕನಾಥ, ಗೆದ್ದವನಂತೆ. "ಗಟ್ಟಿಯಾಗಿ ಇಳಿಸಿಟ್ಕೊಂಡ್ರೆ ಆಯ್ತು. ಬೇಕಾದಾಗ ಬೇಕಾದಷ್ಟು ಹಾಲು ಬೆರೆಸ್ಕೊಳ್ಳೋದು."

"ಮೈಸೂರು ತಲೆ ಅಂದ್ರೆ ಇದು ಗುರೂ!" ಅಜಯ್ ಬೆನ್ನು ತಟ್ಟಿದ.

ಫಿಲ್ಟರ್ ಕಾಫಿಯ ಲೆಕ್ಕವನ್ನು ವಿಷಕ್ಕೆ ಹಚ್ಚಿದ ಜಾಣತನ ಅದು. ಡಿಕಾಕ್ಷನ್ ಹೆಚ್ಚಾದರೆ ಬಾಯಿ ಕಹಿಯಾಗುತ್ತದೆ, ಅಷ್ಟೇ. ಈ ಸೀಸೆಯದು ಒಂದು ಚಮಚ ಮಗುವಿನ ಹೊಟ್ಟೆ ಸೇರಿದರೆ ಜೀವವೇ ಹೋಗಬಹುದು.

ಸೇದುವ ಪುಟ್ಟ ಯಂತ್ರವನ್ನೂ ಕೊಂಡ. ಫ್ಲೇವರ್ ಆರಿಸಿದ್ದು ಪೈನಾಪಲ್. ಮನೆಯಲ್ಲಿ ವಾಸನೆ ಬಂದರೂ ಕೇಸರಿಬಾತಿನದೆಂದು ತೇಲಿಸಬಹುದು ಎಂಬ ದೂರಾಲೋಚನೆ. ಗಡಿ ತಪಾಸಣೆಯವರ ಕಣ್ಣು ತಪ್ಪಿಸಲು, ಪಕ್ಕದ ದಿನಸಿ ಅಂಗಡಿಯಲ್ಲಿ ಅಡುಗೆಯ ಪೈನಾಪಲ್ ಎಸೆನ್ಸಿನ ಸೀಸೆ ಕೊಂಡು, ಅದರಲ್ಲಿದ್ದುದನ್ನು ಚರಂಡಿಗೆ ಸುರಿದು, ಇದನ್ನು ತುಂಬಿದರು. ಅಸಲಿ ಸೀಸೆ, ಅದರ ಮೇಲಿನ ಎಚ್ಚರಿಕೆಯ ಚೀಟಿ ಎಲ್ಲ ಜೊಹೋರಿನ ಕಸದ ಬುಟ್ಟಿಗೆ ಹೋಯಿತು.

ಮನೆಯಲ್ಲಿ ಒಂದೇ ಒಂದು ಸಲ, ಬೆರೆಸದೆ ಎಳೆದ. ತಲೆ ಗಿರ್ರೆಂದು ಬಚ್ಚಲಲ್ಲಿ ಕುಸಿದು ಕೂತ. ಬೆರೆಸುವ ದ್ರವ ತಂದುಕೊಡುತ್ತೇನೆಂದಿದ್ದ ಅಜಯ್ ಇವತ್ತು ನಾಳೆ ಎನ್ನುತ್ತಲೇ ಉಳಿದ. ಫೆಬ್ರವರಿಯಲ್ಲಿ ಹೊಸ ಕಾನೂನು ಬಂತು. ಇನ್ನು ಮಾರುವುದಷ್ಟೇ ಅಲ್ಲ, ಇಟ್ಟುಕೊಂಡರೂ ತಪ್ಪು. ದ್ವಾರಕನಾಥನ ಕೆಲಸದ ಪರವಾನಗಿ, ಅಂದರೆ ವರ್ಕ್ ಪಾಸ್, ನವೀಕರಣಕ್ಕೆ ಹೋಗಿತ್ತು, ಅಲ್ಲೇ ಕಾಯಂ ನೆಲೆಸಲು ಹಾಕಿದ ಪಿಆರ್ ಅರ್ಜಿಯೂ ಒಳಗಿತ್ತು. ಹೆದರಿ ಯಂತ್ರವನ್ನು ಒಡೆದು ಎಸೆದ. ಸೀಸೆಯನ್ನು ಎಸೆಯಲು ಮನಸ್ಸು ಬರಲಿಲ್ಲ. ಅಡುಗೆಮನೆಯ ಮೇಲಿನ ಅರೆಯಲ್ಲಿ, ವೆನಿಲಾ ಸೀಸೆಯ ಹಿಂದೆ ಇಟ್ಟ. ಎಸೆನ್ಸ್ ಸೀಸೆ ಅಡುಗೆಮನೆಯಲ್ಲಿದ್ದರೆ ಯಾರಿಗೆ ಅನುಮಾನ? ಮೈಥಿಲಿಯಂತೂ ಅದನ್ನು ಮುಟ್ಟುವವಳಲ್ಲ. "ಎಸೆನ್ಸ್ ಹಾಕಿದ್ದು ಛತ್ರದ ಕೇಸರಿಬಾತು" ಎಂದು ಮೂಗು ಮುರಿದು, ಹಣ್ಣನ್ನೇ ಹೆಚ್ಚಿ ಹಾಕುವವಳು.

ಮಾರ್ಚಿನಲ್ಲಿ ಯುಗಾದಿ ಭಾನುವಾರ ಬಂತು. ಸುತ್ತಲಿನ ಕನ್ನಡದ ಮನೆಗಳವರು ಬ್ಲಾಕಿನ ಕೆಳಗೆ, ಕಂಬಗಳ ನಡುವಿನ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಮೇಜು ಜೋಡಿಸಿ ಒಟ್ಟಿಗೆ ಊಟಕ್ಕೆ ಸೇರಿದ್ದರು. ಇವರ ಮನೆಯಿಂದ ಕೇಸರಿಬಾತು. ದ್ವಾರಕನಾಥ ಎಲೆ, ನೀರಿನ ಬಾಟಲಿ ಹೊತ್ತು ತಂದಾಗ ಮೈಥಿಲಿ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಳು. ಘಮ್ಮೆಂದಿತು. ಅವನ ಕೈಯಲ್ಲಿದ್ದ ಎಲೆಗಳು ಜಾರಿದವು. ಆ ವಾಸನೆ ಅವನಿಗೆ ಗೊತ್ತಿತ್ತು. ಬಚ್ಚಲಲ್ಲಿ ತಲೆ ತಿರುಗಿಸಿದ ವಾಸನೆ.

"ಮೈಥಿಲಿ, ಹಣ್ಣು ಹಾಕಿದೀಯ ತಾನೇ?"

"ಎಲ್ಲಿ ರೀ ಸಾಲತ್ತೆ ಇಷ್ಟು ಜನಕ್ಕೆ? ಮೇಲೆ ಎಸೆನ್ಸ್ ಇತ್ತಲ್ಲ, ಇಳಿಸಿದ ಮೇಲೆ ಎರಡು ಚಮಚ ಬಿಟ್ಟೆ. ಯಾಕೆ?"

ಖಾಲಿ ಬಟ್ಟಲು ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದವರು ಅನಂತರಾಮ್. ಅವನ ಕಂಪನಿಯ ಹಿರಿಯ ಮ್ಯಾನೇಜರ್. ಅವರು ಹೂಂ ಅಂದರೆ ಪಾಸು, ಊಹೂಂ ಅಂದರೆ ಊರು. "ಏನ್ರೀ ದ್ವಾರಕನಾಥ್, ನಮಗೆ ಬಡಿಸೋಕೆ ಹೊಟ್ಟೆ ಉರೀತಾ?" ಎಂದು ಅವರು ನಕ್ಕರು.

ಆಗಲೇ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಎಡವಿದವನಂತೆ ಮೇಜಿನ ಮೇಲೆ ಬಿದ್ದ. ಪಾತ್ರೆ ದಬಾರನೆ ನೆಲಕ್ಕೆ ಉರುಳಿತು, ಕೇಸರಿಬಾತೆಲ್ಲ ಸಿಮೆಂಟಿನ ಪಾಲು.

"ಅಯ್ಯೋ! ಪಾಪ, ಬಿಸಿ ತಗುಲ್ತಾ?" ಎಂದು ಎಲ್ಲರೂ ಅವನನ್ನೇ ಎತ್ತಿ ಸಂತೈಸಿದರು. ಬೆಳಗಿನಿಂದ ರವೆ ಕೆದಕಿದ ಮೈಥಿಲಿ ತುಟಿ ಕಚ್ಚಿಕೊಂಡು ನೆಲ ಬಳಿದಳು. ಗೆದ್ದೆ ಎಂದುಕೊಂಡ ದ್ವಾರಕನಾಥ. ಉಸಿರು ಹಗುರವಾಯಿತು.

ಊಟ ಮುಗಿಯುವ ಹೊತ್ತಿಗೆ ಅನಘಾ ಕಂಬ ಹಿಡಿದು ವಾಂತಿ ಮಾಡಿಕೊಂಡಳು. ಮುಖ ಸುಣ್ಣದಂತೆ ಬಿಳಿ, ಬಾಯಿಂದ ಜೊಲ್ಲು, ಕೈ ನಡುಕ.

"ಏನು ತಿಂದೆ ಪುಟ್ಟಾ?" ಮೈಥಿಲಿ ಕೇಳಿದಳು.

"ಕೇಸರಿಬಾತ್... ಮನೇಲಿ, ಸಿಂಚನಾ ಜೊತೆ. ಸ್ವಲ್ಪ ಲಾ, ಅಮ್ಮ."

ಸಿಂಚನಾ ಅನಂತರಾಮ್ ಅವರ ಮಗಳು. ಆಟವಾಡಲು ಬೆಳಗ್ಗೆಯೇ ಬಂದಿದ್ದವಳು. ಅವರ ಸಂಸಾರ ಊಟ ಮುಗಿಸಿ ಆಗಲೇ ಹೊರಟುಹೋಗಿತ್ತು.

ಟ್ಯಾಕ್ಸಿಯಲ್ಲಿ ಮಗು ತಾಯಿಯ ತೊಡೆಯ ಮೇಲೆ ಮತ್ತೆ ಮತ್ತೆ ಓಕರಿಸಿತು. "ಬಿಸಿಲು ಅನ್ಸತ್ತೆ," ಎಂದ ದ್ವಾರಕನಾಥ. ಹೌದು, ಅಷ್ಟು ಹೊತ್ತಿಗೂ ಬಿಸಿಲು ಎಂದ. ಪಾಸು, ಪಿಆರ್, ಅನಂತರಾಮ್, ಇವು ಮೂರೂ ಅವನ ಗಂಟಲಿಗೆ ಅಡ್ಡ ಕೂತಿದ್ದವು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡಾಕ್ಟರಮ್ಮ ಮಗುವಿನ ನಾಡಿ ಹಿಡಿದು ಕೇಳಿದರು: ಏನು ಹೊಟ್ಟೆಗೆ ಹೋಗಿದೆ? ಮೈಥಿಲಿ ರವೆ, ಸಕ್ಕರೆ, ತುಪ್ಪ, ಎಸೆನ್ಸ್ ಎಂದಳು. ಡಾಕ್ಟರಮ್ಮ ತಲೆಯಾಡಿಸಿ, ಇದು ಅದರಿಂದ ಬರುವಂಥದ್ದಲ್ಲ, ಗೊತ್ತಿಲ್ಲದೆ ಸುಮ್ಮನೆ ಊಹಿಸುತ್ತ ಕೂತರೆ ಕಷ್ಟ ಎಂದರು. ಅನಘಾಳ ಕಾಲು ಮಂಚದ ಮೇಲೆ ಸಣ್ಣಗೆ ಅದುರಿತು.

"ನಿಕೋಟಿನ್," ಎಂದ ದ್ವಾರಕನಾಥ. ಮತ್ತೆ ಗಟ್ಟಿಯಾಗಿ ಹೇಳಿದ. "ವೇಪಿನ ದ್ರವ. ನಾನೇ ತಂದದ್ದು. ಎಸೆನ್ಸ್ ಸೀಸೆಯಲ್ಲಿ ನಾನೇ ತುಂಬಿಟ್ಟದ್ದು."

ಮೈಥಿಲಿ ಅವನತ್ತ ತಿರುಗಲಿಲ್ಲ. ಮಗುವಿನ ಕಾಲು ಹಿಡಿದಿದ್ದ ಅವಳ ಬೆರಳು ಮಾತ್ರ ಬಿಗಿಯಾದವು.

ಎಷ್ಟು ಖಡಕ್ಕಿನದು ಎಂದು ಮುಂದಿನ ಪ್ರಶ್ನೆ. ಅವನಿಗೆ ಗೊತ್ತಿರಲಿಲ್ಲ. ಕೊಂಡವನಿಗೆ, ಜಂಬದಿಂದ ಆರಿಸಿದವನಿಗೆ, ಅದರ ಅಂಕಿ ಗೊತ್ತಿರಲಿಲ್ಲ! ಅಜಯ್‌ಗೆ ಫೋನ್ ಮಾಡಿದ.

"ಅದರ ಸ್ಟ್ರೆಂತ್ ಎಷ್ಟಿತ್ತೋ? ಬೇಗ ಹೇಳು, ಮಗು ಆಸ್ಪತ್ರೇಲಿದೆ."

ಆ ಕಡೆ ಬಾಗಿಲು ಎಳೆದುಕೊಂಡ ಸದ್ದು. ಆಮೇಲೆ, "ಯಾವುದರದ್ದು ಗುರೂ? ನಾನು ಜೊಹೋರಿಗೆ ಬಂದೇ ಇಲ್ಲ. ನನ್ ಹೆಸರು ಮಧ್ಯ ತರಬೇಡ, ಪ್ಲೀಸ್." ಫೋನ್ ಕಟ್.

ಇಂಥ ಗೆಳೆಯರೇ ನಮ್ಮನ್ನು ಬಾಯ್ತುಂಬ 'ಗುರೂ' ಅನ್ನುತ್ತಾರೆ.

ಬೆರೆಸಿಕೊಳ್ಳುವ ಗಟ್ಟಿ ದ್ರವ ಅದು, ನೇರವಾಗಿ ಬಳಸುವುದಲ್ಲ ಎಂದು ಗೊತ್ತಿದ್ದಷ್ಟನ್ನೇ ದ್ವಾರಕನಾಥ ಹೇಳಿದ. ಡಾಕ್ಟರಮ್ಮನ ಮುಖ ಗಂಭೀರವಾಯಿತು. ನರ್ಸುಗಳು ಓಡಾಡಿದರು. ಇನ್ನು ಯಾರು ತಿಂದಿದ್ದಾರೆ ಎಂದು ಕೇಳಿದರು.

ಅವನು ಫೋನ್ ಹಿಡಿದು ಹೊರಗೆ ಬಂದ. ಹಿಂದೆಯೇ ಮೈಥಿಲಿ ಬಂದಳು.

"ಎಸೆನ್ಸ್ ಹಳೇದಾಗಿತ್ತು, ಚೆಕ್ ಮಾಡಿಸ್ಬಿಡಿ ಅಂತ ಹೇಳ್ತೀನಿ," ಎಂದ, ಅವಳ ಮುಖ ನೋಡದೆ.

"ಹಳೇ ಎಸೆನ್ಸ್ ಅಂದ್ರೆ ಜೀರಿಗೆ ನೀರು ಕುಡಿಸಿ ಮಲಗಿಸ್ತಾರೆ ರೀ. ಮಲಗಿದ ಹುಡುಗಿ ಏಳದೇ ಹೋದ್ರೆ? ಆಗ ಯಾವ ಪಾಸ್ ಇಟ್ಕೊಂಡು ಇಲ್ಲಿ ಬದುಕ್ತೀರಿ?"

ಅವನು ಕರೆ ಮಾಡಿದ. "ಸರ್, ಸಿಂಚನಾ ಹೇಗಿದಾಳೆ?"

"ವಾಂತಿ ಆಯ್ತು ಕಣ್ರೀ. ಬಿಸಿಲು. ಈಗ ಮಲಗಿಸಿದೀವಿ."

"ಎಬ್ಬಿಸಿ ಸರ್. ಈಗಲೇ ಆಸ್ಪತ್ರೆಗೆ ಕರ್ಕೊಂಡ್ಬನ್ನಿ. ಕೇಸರಿಬಾತಲ್ಲಿ ನಿಕೋಟಿನ್ ಬಿದ್ದಿತ್ತು. ನನ್ನದು. ವೇಪಿಗೆ ತಂದಿದ್ದೆ. ಪಾತ್ರೆ ಬೀಳಿಸಿದ್ದೂ ಬೇಕಂತಲೇ."

ಆ ಕಡೆ ಫೋನ್ ಎಲ್ಲೋ ಬಿದ್ದ ಸದ್ದು. "ಸಿಂಚು, ಏಳಮ್ಮ, ಏಳು!" ಎಂಬ ಕೂಗು ಕೇಳಿಸಿತು.

ಅನಂತರಾಮ್ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು, ಕಾಲಲ್ಲಿ ಒಂದೇ ಚಪ್ಪಲಿ, ಓಡಿ ಬಂದರು. ದ್ವಾರಕನಾಥ ಎದ್ದು ನಿಂತ. ಅವರು ಅವನನ್ನು ದಾಟಿ ಒಳಗೆ ಹೋದರು. ಮುಚ್ಚಿದ ಆ ಬಾಗಿಲ ಎದುರು ಅವನು ಕೂತ, ಎದ್ದ, ಮತ್ತೆ ಕೂತ.

ಸಂಜೆಯ ಹೊತ್ತಿಗೆ ಅನಘಾ ನೀರು ಕೇಳಿದಳು. ಸ್ವಲ್ಪ ತಡವಾಗಿ ಸಿಂಚನಾಳೂ ಕಣ್ಣು ಬಿಟ್ಟು ಅಪ್ಪನನ್ನು ಕರೆದಳು. ಎರಡೂ ಮಕ್ಕಳು ಪಾರಾದವು.

ಈ ಸಂಗತಿ ಕೇಳಿದ ನಮ್ಮವರೆಲ್ಲ ಮೊದಲು ಕೇಳುವುದು "ಅವನ ಪಾಸ್ ಏನಾಯ್ತು?" ಎಂದು. ಮಕ್ಕಳ ಸುದ್ದಿ ಎರಡನೆಯ ಪ್ರಶ್ನೆ. ನಾಚಿಕೆಯಾಗಬೇಕು.

ಹೊರಗಿನ ಬೆಂಚಿಗೆ ಅನಂತರಾಮ್ ಬಂದರು. "ಆಫೀಸಿನ ವಿಷಯ ಆಫೀಸಲ್ಲಿ ನೋಡೋಣ. ನಿಮ್ಮನ್ನ ಉಳಿಸ್ತೀನಿ ಅಂತ ನನ್ನ ಬಾಯಲ್ಲಿ ಬರಲ್ಲ," ಎಂದರು. ಹೊರಟವರು ತಿರುಗಿದರು. "ಫೋನ್ ಮಾಡದೇ ಇದ್ದಿದ್ರೆ ಅವಳು ಮಲಗೇ ಇರೋಳು." ಅಷ್ಟು ಹೇಳಿ ಮಗಳ ಬಳಿಗೆ ಹೋದರು.

ಮೈಥಿಲಿ ಮನೆಗೆ ಹೋಗಿ ಬಂದಿದ್ದಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸೀಸೆಯನ್ನು ಅವನ ಕೈಗಿಟ್ಟಳು.

"ನರ್ಸ್ ಕೇಳ್ತಿದಾರೆ. ಪೊಲೀಸ್ನೋರೂ ಬರ್ತಾರಂತೆ. ನೀವೇ ಕೊಡಿ."

"ನೀನೂ ಬಾ."

"ನಾನು ಮಗು ಹತ್ರ ಇರ್ತೀನಿ," ಎಂದು ಅವಳು ಒಳಗೆ ಹೋದಳು. ದ್ವಾರಕನಾಥ ಸೀಸೆ ಹಿಡಿದು ಕೌಂಟರಿನ ಕಡೆ ನಡೆದು, ತನ್ನ ಹೆಸರು ಹೇಳಿದ.