ಟೈಲರ್ ಚಿಕ್ಕಮ್ಮನ ಉಗಿಬಂಡಿ

ನಮ್ಮ ಚಿಕ್ಕಮ್ಮ ಟೈಲರ್. ಊರವರಿಗೆಲ್ಲ ಅಳತೆ ತೆಗೆದವರು. ಅವರ ಹಟಕ್ಕೆ ಮಾತ್ರ ಅಳತೆ ತೆಗೆದವರಿಲ್ಲ. ಚಿಕ್ಕಪ್ಪ ಉಗಿಬಂಡಿ ಸಂಘದ ಸದಸ್ಯರು. ಸಂಘದವರು ಕಲ್ಲಿದ್ದಲಿನಿಂದಲೇ ಓಡುವ ಮೊಣಕಾಲೆತ್ತರದ ಎಂಜಿನ್‌ಗಳನ್ನು ಮನೆಯಲ್ಲೇ ಕಟ್ಟಿ, ಭಾನುವಾರ ಪಾರ್ಕಿನ ಪುಟ್ಟ ಹಳಿಯ ಮೇಲೆ ಜನರನ್ನು ಕೂರಿಸಿಕೊಂಡು ಓಡಿಸುತ್ತಾರೆ. ಚಿಕ್ಕಪ್ಪ ಕಟ್ಟಿದ್ದೆಲ್ಲ ಬಾಯಲ್ಲೇ. ಅವರು ತಂದಿಟ್ಟ ಚಕ್ರ, ತಾಮ್ರದ ತಗಡು ಹೊಲಿಗೆ ಕೋಣೆಯಲ್ಲಿ ಧೂಳು ತಿನ್ನುತ್ತಿದ್ದವು. ಒಂದು ದಿನ ಚಿಕ್ಕಮ್ಮ ತಾವೇ ಎಂಜಿನ್ ಕಟ್ಟಲು ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೇಬಿಟ್ಟರು.

"ಬೊಂಬೆ ಆಡೋ ವಯಸ್ಸೇನೆ ನಿಂದು?" ಎಂದು ಅಜ್ಜಿ ಕೇಳಿದರು.

"ಆಡೋ ವಯಸ್ಸಲ್ಲಿ ಪಾತ್ರೆ ತೊಳೆಸಿದೆಯಲ್ಲಮ್ಮ, ಅದಕ್ಕೇ ಈಗ."



ಸಂಘಕ್ಕೊಂದು ಕಟ್ಟಳೆ ಇದೆ. ಹೊಸ ಬಾಯ್ಲರ್‌ಗೆ ಬೆಂಕಿ ತೋರಿಸುವ ಮುನ್ನ, ಒಳಗೆ ಗಾಳಿ ಉಳಿಯದಂತೆ ನೀರು ತುಂಬಿ, ಓಡುವಾಗಿನ ಎರಡರಷ್ಟು ಒತ್ತಡ ಬರುವವರೆಗೆ ಕೈಪಂಪು ಒತ್ತಬೇಕು. ಒಂದು ಹನಿಯೂ ಜಿನುಗಬಾರದು. ಚಿಕ್ಕಮ್ಮ ಆ ತಗಡಿನಿಂದ ಬೆಸೆದ ಬಾಯ್ಲರ್ ಎಲ್ಲರೆದುರಿಗೇ ಜಿನುಗಿತು.

ಅಧ್ಯಕ್ಷರು ಮೀಸೆಯೊಳಗೇ ನಕ್ಕರು. "ರೆಡಿಮೇಡ್ ಬಾಯ್ಲರ್ ಸಿಗುತ್ತೆ ಮೇಡಂ, ನಿಮಗ್ಯಾಕೆ ಈ ಉಸಾಬರಿ? ಹೊಲಿಗೆ ಬರುತ್ತಲ್ಲ, ಬೋಗಿ ಸೀಟಿಗೊಂದು ಕವರ್ ಹೊಲಿದುಕೊಡಿ."

ನನಗೆ ಮೈಯೆಲ್ಲ ಉರಿಯಿತು. ಚಿಕ್ಕಮ್ಮ ಬಾಯ್ಲರನ್ನು ಸೊಂಟಕ್ಕೇರಿಸಿಕೊಂಡು ಹೊರಟರು.

ಮನೆಯಲ್ಲಿ ಮಗುಚಿ ನೋಡಿದಾಗ ತಪ್ಪು ಸಿಕ್ಕಿತು. ಬಟ್ಟೆಗೆ ಟಾಕಾ ಹಾಕುವ ಹಾಗೆ, ತಾಮ್ರವನ್ನೂ ಮೊದಲು ಅಲ್ಲಲ್ಲಿ ಬೆಸೆದು, ನಡುವಿನ ಜಾಗವನ್ನು ಆಮೇಲೆ ತುಂಬಿದ್ದರು. ಹಾಗೆ ತುಂಡು ತುಂಡಾಗಿ ಕಾಯಿಸಿದ ಕಡೆ ಬೆಸುಗೆ ಕೂಡಿರಲಿಲ್ಲ. "ಹಾಳು ಚಾಳಿ," ಎಂದು ತಮ್ಮ ಕೈಯನ್ನೇ ಬೈದರು. ಈಗ ಇಡೀ ಬಾಯ್ಲರನ್ನು ಒಮ್ಮೆಲೇ ಕೆಂಪಗೆ ಕಾಯಿಸಬೇಕು. ಕಾವು ಮೀರಿದರೆ ಉಳಿದ ಬೆಸುಗೆಗಳೂ ಬಿಟ್ಟುಕೊಂಡು ಎಲ್ಲ ಮಣ್ಣುಪಾಲು. ಅದಕ್ಕೆ ಬೆಂಕಿ ಉಗುಳುವ ಎರಡು ಗ್ಯಾಸ್ ಟಾರ್ಚ್ ಬೇಕು, ಎರಡನೆಯದನ್ನು ಹಿಡಿಯಲು ಚಿಕ್ಕಪ್ಪ ಬೇಕು.

"ಸುಟ್ಟೋದ್ರೆ?" ಚಿಕ್ಕಪ್ಪ ಬಾಗಿಲಲ್ಲೇ ನಿಂತರು.

"ಸುಟ್ಟೋದ್ರೆ ಇನ್ನೊಂದು ಮಾಡ್ತೀನಿ. ಕೊಂಡಂತೂ ತರಲ್ಲ. ಬನ್ನಿ ರೀ, ಹಿಡ್ಕೊಳ್ಳಿ."

ಚಿಕ್ಕಪ್ಪ ಬಂದು ಎರಡನೆಯ ಟಾರ್ಚ್ ಹಿಡಿದರು, ಕೊನೆಯವರೆಗೂ ಬಿಡಲಿಲ್ಲ. ಬೆಸುಗೆ ಕರಗಿ ಸಂದಿಯುದ್ದಕ್ಕೂ ಹರಿಯಿತು. ಆ ಮನುಷ್ಯ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಮತ್ತೆ ಪರೀಕ್ಷೆ ನಡೆಯಿತು. ಮೀಟರಿನ ಮುಳ್ಳು ಏರಿ ಅಲ್ಲೇ ನಿಂತಿತು. ಅಧ್ಯಕ್ಷರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಬೆರಳಿನಿಂದ ಸವರಿಯೂ ನೋಡಿದರು. ಬೆರಳು ಒಣಗಿಯೇ ಇತ್ತು.

ಎಂಜಿನ್ ಹಳಿಗೆ ಬಂದ ಭಾನುವಾರ ಅಧ್ಯಕ್ಷರು ಹೊಸ ರಾಗ ತೆಗೆದರು. "ಮೊದಲ ಸುತ್ತು ನಾನು ಓಡಿಸ್ತೀನಿ. ನಿಮಗೆ ಅಭ್ಯಾಸ ಇಲ್ಲ."

ಚಿಕ್ಕಮ್ಮ ಆಗಲೇ ಚಾಲಕರ ಜಾಗದಲ್ಲಿ ಕೂತು ಕಲ್ಲಿದ್ದಲು ಹಾಕುತ್ತಿದ್ದರು. "ನಾನು ಮಾಡಿದ್ದನ್ನ ನಾನೇ ಓಡಿಸ್ತೀನಿ. ನೀವು ಹಿಂದೆ ಕೂತ್ಕೊಳ್ಳಿ ಸರ್."

ಅಧ್ಯಕ್ಷರು ಬೋಗಿಯ ಬರಿಯ ಹಲಗೆಯನ್ನು ನೋಡುತ್ತಾ ನಿಂತರು. ಇಡೀ ಪಾರ್ಕು ಅವರನ್ನೇ ನೋಡುತ್ತಿತ್ತು. ಕೊನೆಗೆ ಪ್ಯಾಂಟು ಎಳೆದುಕೊಂಡು ಕೂತರು.

"ಕವರ್ ಹೊಲಿಯೋಕೆ ಪುರುಸೊತ್ತಾಗ್ಲಿಲ್ಲ," ಎಂದ ಚಿಕ್ಕಮ್ಮ ಸಿಳ್ಳೆ ಹೊಡೆಸಿ ಬಂಡಿ ಬಿಟ್ಟರು.