ಕರೆಯದೆ ಬರಲಿದ್ದ ಅಳಿಯ

ಈ ಸಲದ ದೀಪಾವಳಿಗೆ ನಮ್ಮ ಅಳಿಯಂದಿರು ಬರಲಿಲ್ಲ. ಮದುವೆಯಾದ ಮೇಲಿನ ಮೊದಲ ದೀಪಾವಳಿ. ಅವರನ್ನು ತಡೆದವರು ಯಾರು ಗೊತ್ತೆ? ನಾನೇ. ಅದೂ ಇದೇ ಅಂಕಣದಲ್ಲಿ, ನಿಮ್ಮೆಲ್ಲರ ಕಣ್ಣೆದುರಿಗೆ!

ಹಬ್ಬಕ್ಕೆ ಮೊದಲು ನಾನೊಂದು ಕಾದಂಬರಿಯನ್ನು ಹಿಡಿದು ಜಾಡಿಸಿದ್ದು ನಿಮಗೆ ನೆನಪಿರಬೇಕು. ಹೊಸದಾಗಿ ಮದುವೆಯಾದ ಹುಡುಗ. ದೀಪಾವಳಿಗೆ ಮಾವನ ಮನೆಯಿಂದ ಯಾರೂ ಬಂದು ಕರೆಯುವುದಿಲ್ಲ. ತವರಿಗೆ ಹೋದ ಹೆಂಡತಿಯನ್ನು ಬಿಟ್ಟಿರಲಾರದೆ ಅವನೇ ಹೊರಟುಬಿಡುತ್ತಾನೆ. ನೀರು ತುಂಬುವ ಹಬ್ಬದ ಸಂಜೆ ಹಿತ್ತಲ ಬಾಗಿಲಿನಿಂದ ನುಗ್ಗಿ, ಬಚ್ಚಲುಮನೆಯಲ್ಲಿ ಹಂಡೆಯ ಹಿಂದೆ ಅಡಗಿ ಕೂರುತ್ತಾನೆ. ಹಂಡೆಗೆ ಹೂವು ಸುತ್ತಲು ಹೆಂಡತಿ ಬರುತ್ತಾಳೆ. ಅವಳ ಕಿರುಚಾಟ, ಅತ್ತೆಯ ಗಾಬರಿ, ಮುಖವೆಲ್ಲ ಮಸಿಯಾದ ಅಳಿಯ. ಆಮೇಲೆ ಎಲ್ಲರೂ ನಗುತ್ತಾರೆ, ಕಜ್ಜಾಯ ತಿನ್ನುತ್ತಾರೆ. ಅಷ್ಟೇ ಕಥೆ.

ನಾನು ಏನು ಬರೆದೆ? "ಕರೆಯದೆ ಬರುವ ಅಳಿಯ ನಮ್ಮ ಕೋಲಾರದ ಕಡೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅವನಿಗೆ ಎಣ್ಣೆಯಲ್ಲ, ತಣ್ಣೀರು ಹೊಯ್ದು ಕಳಿಸಬೇಕು" ಎಂದು ಬರೆದೆ. ನೀವೂ ನಕ್ಕಿರಿ. ಮುಳಬಾಗಿಲಿನ ಓದುಗರೊಬ್ಬರು "ಸರಿಯಾಗಿ ಚುಚ್ಚಿದಿರಿ ಸ್ವಾಮಿ" ಎಂದು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಈಗ ನಿಜ ಹೇಳುತ್ತೇನೆ. ಆ ಪುಸ್ತಕ ನನಗೆ ಬಹಳ ಹಿಡಿಸಿತ್ತು.

ನನಗೆ ಇಳಿವಯಸ್ಸಿನಲ್ಲಿ ಹುಟ್ಟಿದ ಒಬ್ಬಳೇ ಮಗಳು ಸರಸು. ಹಬ್ಬಕ್ಕೆಂದು ಮುಂಚಿತವಾಗಿಯೇ ಬಂದಿದ್ದಳು. ಅವಳ ದಿಂಬಿನ ಕೆಳಗಿದ್ದ ಪುಸ್ತಕವನ್ನು ಮಧ್ಯಾಹ್ನ ಕದ್ದು ತಂದು, ಪಂಚಾಂಗದ ಮರೆಯಲ್ಲಿಟ್ಟುಕೊಂಡು ಓದಿದೆ. ಹಂಡೆಯ ಪ್ರಸಂಗ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕೆ. ("ಪಂಚಾಂಗದಲ್ಲಿ ಅಷ್ಟು ನಗೋವಂಥಾದ್ದು ಏನಿದೆ ರೀ?" ಎಂದು ಮನೆಯಾಕೆ ಅಡಿಗೆಮನೆಯಿಂದಲೇ ಕೇಳಿದಳು.) ಹಾಗಾದರೆ ಬೈದದ್ದೇಕೆ? ಹೈಸ್ಕೂಲು ಓದಿದ ಮುದುಕ, ಪೇಪರಿಗೆ ಬರೆಯುವವನು, ಗಂಡಹೆಂಡಿರ ಕಣ್ಣುಮುಚ್ಚಾಲೆ ಓದಿ ನಕ್ಕ ಎಂದರೆ ಜನ ಏನೆಂದಾರು? ಇಷ್ಟಪಟ್ಟದ್ದನ್ನು ಬಚ್ಚಿಡಲು ಬೈಗುಳಕ್ಕಿಂತ ಒಳ್ಳೆಯ ಕಂಬಳಿ ಇಲ್ಲ.

ಇನ್ನೊಂದು ತಪ್ಪೂ ಇದೆ. ನಮ್ಮ ಕಡೆ ಮೊದಲ ದೀಪಾವಳಿಗೆ ಹೆಣ್ಣಿನ ಮನೆಯ ಗಂಡಸೊಬ್ಬ ತಾಂಬೂಲ ಹಿಡಿದು ಹೋಗಿ ಅಳಿಯನನ್ನು ಕರೆಯಬೇಕು. ಹುಡುಗಿಯ ಅಣ್ಣನೋ ತಮ್ಮನೋ ಹೋಗುವುದು ರೂಢಿ. ನನಗೆ ಗಂಡುಮಕ್ಕಳಿಲ್ಲ. "ನೀವೇ ಹೋಗಿ ಕರೆದುಬನ್ನಿ" ಎಂದು ಮನೆಯಾಕೆ ಬೆನ್ನು ಹತ್ತಿದಳು. ಕೋಲಾರದಿಂದ ಅಳಿಯಂದಿರ ಊರು ಮಾಲೂರು ಯಾವ ಮಹಾ ದೂರ? ಆದರೆ ಯುದ್ಧ ಬಂದ ಮೇಲೆ ನಮ್ಮ ಬಸ್ಸುಗಳು ಪೆಟ್ರೋಲ್ ಮರೆತು ಇದ್ದಿಲಿನ ಹೊಗೆ ಕುಡಿದು ಓಡುತ್ತಿವೆ. ವಕ್ಕಲೇರಿಯ ಹತ್ತಿರ ದಿಣ್ಣೆ ಬಂದರೆ ಇಳಿದು ತಳ್ಳಬೇಕು. ಮಾವನಾದವನು ಬಸ್ಸು ತಳ್ಳಿಕೊಂಡು ಹೋಗಿ ಅಳಿಯನನ್ನು ಕರೆಯುವುದೆ? ಕಾರ್ಡು ಸಾಕು ಎಂದೆ. ಕಾರ್ಡೇ ಹಾಕಿದೆ.

ನರಕ ಚತುರ್ದಶಿಯ ಬೆಳಿಗ್ಗೆ ಮಣೆ ಹಾಕಿತ್ತು. ಬಟ್ಟಲಲ್ಲಿ ಎಣ್ಣೆ ಬೆಚ್ಚಗಿತ್ತು. ಹೊಸ ಪಂಚೆಯ ಅಂಚಿಗೆ ಅರಿಶಿನ ಹಚ್ಚಿತ್ತು. ಅಳಿಯಂದಿರು ಮಾತ್ರ ಇಲ್ಲ. ಹಿಂದಿನ ಸಂಜೆಯೆಲ್ಲ ಸರಸು ಬೀದಿಬಾಗಿಲು ಬಿಟ್ಟು ಹಿತ್ತಲ ಬಾಗಿಲನ್ನೇ ನೋಡುತ್ತಿದ್ದಳು. ಏಕೆಂದು ನನಗೆ ಹೊಳೆದಿರಲಿಲ್ಲ.

"ಕಾರ್ಡು ತಲುಪಲಿಲ್ಲವೋ ಏನೋ" ಎಂದೆ.

ಸರಸುವಿನ ಕಣ್ಣು ತುಂಬಿತು. "ಆ ಪುಸ್ತಕ ಅವರೇ ತಂದುಕೊಟ್ಟಿದ್ದು ಕಣಪ್ಪ. 'ಯಾರು ಕರೀಲಿ ಬಿಡಲಿ, ನಾನೂ ಹೀಗೇ ಹಿತ್ತಲ ಕಡೆಯಿಂದ ಬರ್ತೀನಿ, ನೋಡ್ತಿರು' ಅಂದಿದ್ರು. ನೀವು ಅದನ್ನೇ ಪೇಪರಲ್ಲಿ ಹಾಕಿ ಉಗಿದ್ರಿ."

ಮನೆಯಾಕೆ ಬಟ್ಟಲನ್ನು ನನ್ನ ಮುಂದೆ ಕುಕ್ಕಿದಳು. "ಆಯ್ತಲ್ಲ! ತನ್ನಿ, ಆ ನಿಮ್ಮ ಅಂಕಣಾನೇ ಮಣೆ ಮೇಲೆ ಕೂರಿಸಿ. ಅದಕ್ಕೇ ಎಣ್ಣೆ ಹಚ್ಚಿ ನೀರು ಹುಯ್ತೀನಿ."

ಅಂದೇ ಮಾಲೂರಿಗೆ ಹೊರಟೆ. (ಬಸ್ಸನ್ನೂ ತಳ್ಳಿದೆ. ಹಬ್ಬದ ಪಂಚೆಯಲ್ಲೇ.)

ಅಳಿಯಂದಿರು ಜಗಲಿಯ ಮೇಲಿದ್ದರು. ಎದ್ದು ನಿಂತರು, ಕಾಲಿಗೆ ನೀರು ಕೊಟ್ಟರು. ಮರ್ಯಾದೆಗೇನೂ ಕಡಿಮೆಯಿಲ್ಲ. ತಾಂಬೂಲ ಮುಂದಿಟ್ಟು "ಹೊರಡಿ" ಎಂದೆ.

"ಬರಬಾರದು ಅಂತಲ್ಲ ಮಾವ," ಎಂದರು. "ಯಾರೂ ಬಂದು ಕರೀಲಿಲ್ಲ ಅನ್ನೋದು ನಮ್ಮ ಬೀದಿಗೆಲ್ಲ ಗೊತ್ತು. ನಿಮ್ಮ ಪೇಪರು ಬಂದ ದಿನ ಹೋಟೆಲಲ್ಲಿ ಕಾಫಿಗೆ ಕೂತಿದ್ದೆ. ಪಕ್ಕದವನು 'ಏಮಪ್ಪಾ ಅಲ್ಲುಡೂ, ನೂನಾ, ಚನ್ನೀಳ್ಳಾ?' ಅಂದ." (ಏನಪ್ಪಾ ಅಳಿಯ, ಎಣ್ಣೆಯೋ ತಣ್ಣೀರೋ?) "ಹೋಟೆಲಿಗೆ ಹೋಟೆಲೇ ನಗ್ತು. ಆಮೇಲೆ ಯಾವ ಮುಖ ಇಟ್ಕೊಂಡು ಬರಲಿ?"

"ಅದಕ್ಕೇ ನಾನೇ ಬಂದಿದೀನಲ್ಲಪ್ಪ!"

"ಬಂದ್ರಿ. ಯಾರಿಗೆ ಗೊತ್ತು? ಬೈದಿದ್ದು ಪೇಪರಲ್ಲಿ, ಕರೆಯೋದು ಜಗಲೀಲಾ?"

ಒಳಗಿನಿಂದ ಬೀಗಿತ್ತಿ, "ಹೋಗೋ, ಪಾಪ, ದೊಡ್ಡೋರು ಬಸ್ಸು ತಳ್ಕೊಂಡು ಬಂದಿದಾರೆ" ಎಂದರು. ಅಳಿಯಂದಿರು ನಕ್ಕರು. ಏಳಲಿಲ್ಲ.

ಒಬ್ಬನೇ ವಾಪಸು ಬಂದೆ. ಸರಸು ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದಳು. ಯಾರೂ ಇರಲಿಲ್ಲ. ಒಳಗೆ ಹೋದಳು. ಅಂದಿನಿಂದ ನನ್ನೊಡನೆ ಮಾತಿಲ್ಲ. ಕಾಫಿ ಬರುತ್ತದೆ, ಬೆಲ್ಲ ಬರುವುದಿಲ್ಲ. (ಸಕ್ಕರೆ ರೇಷನ್ನಿಗೆ ಸರ್ಕಾರ ಕಾರಣ. ಬೆಲ್ಲದ ರೇಷನ್ನಿಗೆ ನಾನೇ ಕಾರಣ.)

ಕೂತು ಯೋಚಿಸಿದಾಗ ಅಳಿಯಂದಿರ ಮಾತು ನನ್ನೊಬ್ಬನಿಗೆ ಹೇಳಿದ್ದಲ್ಲ ಎನ್ನಿಸಿತು. ನಾವು ಗಂಡಸರು ಬೈಯುವುದಾದರೆ ಊರು ಕೇಳುವಂತೆ ಬೈಯುತ್ತೇವೆ. ಪ್ರೀತಿಯ ಮಾತನ್ನು ಮಾತ್ರ 'ಉಭಯಕುಶಲೋಪರಿ ಸಾಂಪ್ರತ'ದ ಕೆಳಗೆ ಒಂದು ಸಾಲಿನಲ್ಲಿ ಸಿಕ್ಕಿಸಿ ಅಂಚೆಗೆ ಹಾಕುತ್ತೇವೆ. ಮಗಳು ಚಿಕ್ಕವಳಾಗಿದ್ದಾಗ ಅವಳ ಕೈಬರಹ ಕೆಟ್ಟದ್ದೆಂದು ನೆಂಟರೆದುರಿಗೆಲ್ಲ ಗದರಿದ್ದೇನೆ. ಅವಳ ಹಾಡು ಚೆನ್ನಾಗಿದೆ ಎಂದು ಯಾರೆದುರಿಗಾದರೂ ಹೇಳಿದ್ದೇನೆಯೇ? ನೀವು ಹೇಳಿದ್ದೀರಾ?

ಆದ್ದರಿಂದ ಇಂದು ಓದುಗರೆಲ್ಲರ ಸಾಕ್ಷಿಯಾಗಿ ಬರೆಯುತ್ತಿದ್ದೇನೆ. ಕಾದಂಬರಿ ಚೆನ್ನಾಗಿತ್ತು. ಕದ್ದು ಓದಿದೆ, ಬಿದ್ದು ಬಿದ್ದು ನಕ್ಕೆ. ಸುಳ್ಳು ಬೈದದ್ದಕ್ಕೆ ಬರೆದವರು ಕ್ಷಮಿಸಬೇಕು. ಅಳಿಯಂದಿರೇ, ತುಳಸಿ ಹಬ್ಬ ಹತ್ತಿರ ಬಂತು. ನಮ್ಮಲ್ಲಿ ಅದೂ ಕಿರುದೀಪಾವಳಿಯೇ. ಎಣ್ಣೆ ನೀರಿಗೆ ಒಳ್ಳೆಯ ದಿನವನ್ನು ನಿಮ್ಮ ಅತ್ತೆಯೇ ನೋಡಿಟ್ಟಿದ್ದಾಳೆ. ಸರಸು ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಎದ್ದು ನಿಲ್ಲುತ್ತಾಳೆ.

ಇದಕ್ಕಿಂತ ಜೋರಾಗಿ ಕರೆಯುವುದು ಹೇಗೆಂದು ನನಗೆ ಗೊತ್ತಿಲ್ಲ, ಬರ್ತೀರಾ?