ಮೂರು ಬಣ್ಣದ ಒಂದೇ ಹುಳು

ಇವತ್ತು ಬೆಳಿಗ್ಗೆ ನನ್ನ ಮೂರು ಡಬ್ಬಿಗಳಲ್ಲೂ ಪತಂಗ ಹೊರಬಂದಿತ್ತು, ಗೆಳೆಯರೇ.

ವಕ್ಕಲೇರಿಯ ನಮ್ಮ ತೋಟದಲ್ಲಿ ಟೊಮೆಟೊ ಕಾಯಿ ಕೊರೆಯುವ ಹುಳು ಬಿದ್ದಿದೆ. ಕೆಲವು ಹಸಿರು, ಕೆಲವು ಕಂದು, ಕೆಲವು ಗುಲಾಬಿ. ಬಣ್ಣಕ್ಕೊಂದು ಔಷಧಿ ಹೊಡೆಯಬೇಕೆಂದು ಗೊಬ್ಬರದ ಅಂಗಡಿಯವನು ನನ್ನ ಮೈದುನನಿಗೆ ಹೇಳಿದ್ದ. ಎಲ್ಲವೂ ಒಂದೇ ಹುಳು ಎಂದು ತೋರಿಸಲು ನಾನು ಬಣ್ಣಕ್ಕೊಂದರಂತೆ ಹಿಡಿದು, ಡಬ್ಬಿಗೆ ಮಣ್ಣು ಹಾಕಿ ಸಾಕಿದ್ದೆ.

ಮೈದುನನನ್ನು ಕರೆದೆ. ಎರಡು ಪತಂಗ ಕಂದು, ಒಂದು ಹಸಿರು ಬೆರೆತ ಬೂದು.

“ನೋಡಿ ಅತ್ತಿಗೆ, ಚಿಟ್ಟೆನೂ ಬೇರೆ ಬೇರೆನೇ!” ಎಂದ.

“ಗಂಡಿಗೊಂದು ಬಣ್ಣ, ಹೆಣ್ಣಿಗೊಂದು ಬಣ್ಣ ಕಣೋ. ರೆಕ್ಕೆ ಮೇಲಿನ ಮಚ್ಚೆ ನೋಡು, ಮೂರಕ್ಕೂ ಒಂದೇ ಥರ. ನಿನ್ನ ಇಬ್ರು ಮಕ್ಳೂ ಒಂದೇ ಬಣ್ಣ ಇದಾರಾ?”

ಅಷ್ಟಕ್ಕೇ ಅತ್ತೆ ಒಳಗಿನಿಂದ ಎದ್ದು ಬಂದರು. “ಹುಳ ಸಾಕೋ ಕೈಲಿ ನನ್ ಮೊಮ್ಮಕ್ಳನ್ನ ಅಳೀತೀಯಾ? ಅಂಗಡಿಯೋನಿಗಿಂತ ಜಾಸ್ತಿ ಗೊತ್ತಾ ನಿಂಗೆ?”

ನನ್ನ ಗಂಡ ಅಲ್ಲೇ ಕಾಫಿ ಕುಡಿಯುತ್ತಿದ್ದರು. ಲೋಟದಿಂದ ತಲೆ ಎತ್ತಲಿಲ್ಲ.

ನಾಡಿದ್ದು ಕೀಳಬೇಕಾದ ಹಣ್ಣಿನ ಮೇಲೆ ಮಧ್ಯಾಹ್ನದೊಳಗೆ ಮೂರೂ ಔಷಧಿ ಬಿತ್ತು.

ಸಂಜೆ ಡಬ್ಬಿಗಳನ್ನು ತೊಳೆದಿಟ್ಟೆ. ಒಂದೇ ಡಬ್ಬಿ ಸಾಕಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಈ ಹುಳುಗಳನ್ನು ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ.

ನಮ್ಮದು ಒಟ್ಟು ಕುಟುಂಬ.